ದ್ವೀಪ ಕಂಡು ತಿರುಗಿದ ನಂದಾ

ನಂದಾಳ ಮನೆಗೆ ಬಂದವರು ಚಹಾ ಕುಡಿಯುವ ಮೊದಲು ಕಾಟಾದ ಮೇಲೆ ನಿಲ್ಲಬೇಕಾಗಿದ್ದ ಕಾಲವೊಂದಿತ್ತು. ಬನಹಟ್ಟಿಯ ಆ ಮನೆಯ ಪಡಸಾಲೆಯಲ್ಲಿ ನೂಲಿನ ಗಂಟುಗಳನ್ನು ತೂಗಲೆಂದು ಇಟ್ಟಿದ್ದ ಕಾಟಾದ ಕಡೆಗೆ ಬಲಗೈ ಚಾಚಿ, ದೇವರ ಕೋಣೆಗೆ ದಾರಿ ತೋರಿಸುವಷ್ಟೇ ವಿನಯದಿಂದ ಅವಳು "ಒಂದೀಟು ನಿಂದರ್ರಿ" ಎನ್ನುತ್ತಿದ್ದಳು. ಸೀರೆ ಖರೀದಿಗೆ ಬಂದ ವ್ಯಾಪಾರಿಗಳು, ಮದುವೆಯ ಕರೆಯೋಲೆ ಕೊಡಲು ಬಂದ ಬೀಗರು, ಪಂಚಾಂಗ ಹೇಳಲು ಬಂದ ಅಯ್ಯನವರು, ಎಲ್ಲರೂ ಬೆಪ್ಪಾಗಿ ಒಬ್ಬರ ಮುಖವನ್ನೊಬ್ಬರು ನೋಡುತ್ತ ಅದನ್ನು ಹತ್ತಿ ಇಳಿದದ್ದುಂಟು. ಅವರು ಹತ್ತುವ ಮೊದಲೇ ನಂದಾ ಅವರ ಭಾರವನ್ನು ಮನಸ್ಸಿನಲ್ಲಿ ಅಂದಾಜು ಮಾಡಿಕೊಂಡಿರುತ್ತಿದ್ದಳು. ಮುಳ್ಳು ಆ ಅಂಕೆಯ ಹತ್ತಿರ ನಿಂತರೆ ಅವಳ ಮುಖ ಅರಳುತ್ತಿತ್ತು. ಮನುಷ್ಯನನ್ನು ನೋಡಿದ ಕೂಡಲೇ ಅವನ ತೂಕ ಕಣ್ಣಿಗೆ ತಿಳಿಯಬೇಕು ಎಂಬುದು ಅವಳ ಹಟ.

ಅತ್ತೆ ಶೇವಂತಿಗೆ ಬಿದ್ದ ಮೊದಲ ಪೆಟ್ಟು ಇದಲ್ಲ. ಎಪ್ಪತ್ತು ದಾಟಿದ ಶೇವಂತಿ ಮದುವೆಯಾಗಿ ಬಂದಂದಿನಿಂದ ಕೈಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಸೀರೆ ನೇಯ್ದವಳು. ಮಗ ಪ್ರಭುಲಿಂಗ ಪವರ್‌ಲೂಮಿನ ಶೆಡ್ಡು ಹಾಕಿದ ಮೇಲೆಯೇ ಅವಳ ಕಾಲಿಗೆ ವಿಶ್ರಾಂತಿ. ಸೊಸೆಯ ವಿಷಯದಲ್ಲಿ ಮಾತ್ರ ಅವಳ ಎದೆಗೆ ವಿಶ್ರಾಂತಿಯೆಂಬುದಿರಲಿಲ್ಲ. ನಂದಾ ನಲವತ್ತರ ವಯಸ್ಸಿನಲ್ಲಿ, ಮಕ್ಕಳಿಬ್ಬರೂ ಹಾಸ್ಟೆಲು ಸೇರಿದ ಮೇಲೆ, ಬೆಳಗಾವಿಗೆ ಹೋಗಿ ಏನನ್ನೋ ಕಲಿಯುತ್ತೇನೆಂದಾಗ ಅತ್ತೆ ಅದನ್ನು ಹೊಲಿಗೆಯೆಂದುಕೊಂಡಿದ್ದಳು. ಒಂದು ದಿನ ಮಗ ಅಡುಗೆಮನೆಗೆ ಬಂದು ಫೋನು ತೋರಿಸಿದ. ಪುಟ್ಟದೊಂದು ವಿಮಾನ ಓಡುತ್ತ ಓಡುತ್ತ ನೆಲ ಬಿಟ್ಟಿತು. ಅದರೊಳಗೆ ಒಬ್ಬಳೇ ಕುಳಿತವಳು ಈ ಮನೆಯ ಸೊಸೆ. ಹಂಚಿನ ಮೇಲಿನ ರೊಟ್ಟಿ ಕರಕಾದ ವಾಸನೆ ಪಕ್ಕದ ಮನೆಯವರಿಗೆ ತಿಳಿಯಿತೇ ಹೊರತು ಶೇವಂತಿಗೆ ತಿಳಿಯಲಿಲ್ಲ.

ನಂದಾಳ ತವರು ಜಮಖಂಡಿ. ಅವಳು ಸಾಲೆಗೆ ಹೋಗುತ್ತಿದ್ದಾಗ ಯಾರೋ ದೊಡ್ಡ ಮನುಷ್ಯರ ಸಭೆಗೆಂದು ಊರ ಬಯಲಿಗೆ ಹೆಲಿಕಾಪ್ಟರು ಇಳಿಯಿತಂತೆ. ಜನರೆಲ್ಲ ಇಳಿದವರ ಹಿಂದೆ ಓಡಿದರು. ಈ ಹುಡುಗಿ ಮಾತ್ರ ಧೂಳಿನಲ್ಲಿ ನಿಂತು, ಒಳಗೆ ಒಂಟಿಯಾಗಿ ಕುಳಿತು ಬಾಟಲಿಯಿಂದ ನೀರು ಕುಡಿಯುತ್ತಿದ್ದ ಚಾಲಕನನ್ನು ನೋಡುತ್ತಿದ್ದಳು. ಅವನು ನೀರು ಕುಡಿದು ಕೆಳಗಿಳಿದು ಹೆಲಿಕಾಪ್ಟರಿನ ಸುತ್ತ ಒಂದು ಸುತ್ತು ಬಂದನಂತೆ, ಗುಡಿಯನ್ನು ಸುತ್ತುವ ಭಕ್ತನ ಹಾಗೆ.

ಆ ಸುತ್ತು ಅವಳ ನಡಿಗೆಯಲ್ಲಿಯೇ ಸೇರಿಹೋಗಿತ್ತು. ನಂದಾ ಯಾವ ವಾಹನದ ಬಳಿಗೂ ನೇರವಾಗಿ ಹೋಗುವವಳಲ್ಲ. ಕಾರಾಗಲಿ ಸ್ಕೂಟರಾಗಲಿ, ಮೊದಲು ಅದಕ್ಕೊಂದು ಪ್ರದಕ್ಷಿಣೆ. ಗಾಲಿಯನ್ನು ಅಂಗೈಯಿಂದ ಒತ್ತುವುದು, ಬಾಗಿ ತಳವನ್ನು ನೋಡುವುದು. ಮುಧೋಳದ ಮದುವೆಯೊಂದರಲ್ಲಿ ಮದುಮಕ್ಕಳು ಕುಳಿತ ಕಾರಿನ ಸುತ್ತ ಹೀಗೆ ಸುತ್ತಿ, ಹಿಂದಿನ ಗಾಲಿಯ ನಟ್ಟು ಸಡಿಲಾಗಿರುವಂತಿದೆ ಎಂದು ಮೆರವಣಿಗೆಯನ್ನೇ ನಿಲ್ಲಿಸಿಬಿಟ್ಟಳು. ನೋಡಿದರೆ ನಟ್ಟು ಬಿಗಿಯಾಗಿಯೇ ಇತ್ತು. ಬೀಗರು ಮುಖ ಗಂಟಿಕ್ಕಿದರು, ಬಾಜಾದವರು ನಕ್ಕರು, ಶೇವಂತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಂದಾ "ಛಲೋ ಆತು" ಎಂದು ಬದಿಗೆ ಸರಿದು, ತಪ್ಪಾದದ್ದಕ್ಕೆ ನಾಚಿಕೆಯ ಬದಲು ಸಮಾಧಾನಪಟ್ಟವಳಂತೆ ನಿಂತಿದ್ದಳು. ಮೈಮೇಲೆ ಬೇಸಿಗೆಯಲ್ಲಿಯೂ, ಸೀರೆಯ ಮೇಲೆಯೂ, ಖಾಕಿ ಬಣ್ಣದ ಒಂದು ಕೋಟು. ಅದರ ಅಸಂಖ್ಯ ಕಿಸೆಗಳಲ್ಲಿ ಬ್ಯಾಟರಿ, ಪೆನ್ಸಿಲು, ಚಾಕು, ಕಾಗದದಲ್ಲಿ ಸುತ್ತಿದ ಶೇಂಗಾದ ಉಂಡಿ. ಮಾತು ಕಡಿಮೆ. ಯಾರು ಏನು ಹೇಳಿದರೂ ಕೊನೆಯವರೆಗೆ ಕೇಳಿ, "ಆಮ್ಯಾಲ?" ಎನ್ನುವುದು ಅವಳ ರೂಢಿ. ಆ ಒಂದು ಮಾತಿನ ಮುಂದೆ ಎಷ್ಟೋ ಜನರ ಯೋಜನೆಗಳು ಕುಸಿದುಬಿದ್ದಿದ್ದವು.

ಅಂಥವಳು ಒಂದು ಚಳಿಗಾಲದಲ್ಲಿ, ಬಾಡಿಗೆಯ ವಿಮಾನದಲ್ಲಿ ಮನೆಯವರನ್ನು ಕೂರಿಸಿಕೊಂಡು ಲಕ್ಷದ್ವೀಪದ ಅಗತ್ತಿಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆಂದಳು. ಅವಳದು ಖಾಸಗಿ ಪೈಲಟ್ ಪರವಾನಗಿ. ಬಾಡಿಗೆಗೆ ಜನರನ್ನು ಒಯ್ಯುವಂತಿಲ್ಲ, ತನ್ನವರನ್ನು ಒಯ್ಯಬಹುದು. ವಿಮಾನಕ್ಕೆ ನಾಲ್ಕು ಆಸನ. ನಾಲ್ಕನೆಯದಕ್ಕೆ ತೇರದಾಳದ ಅರಿಷಿಣದ ವ್ಯಾಪಾರಿ ಧನಪಾಲ ತನ್ನ ಹೆಸರನ್ನು ತಾನೇ ಬರೆದುಕೊಂಡ. ಪ್ರಭುಲಿಂಗನ ಬಾಲ್ಯದ ಗೆಳೆಯ, ನಗೆಗಾರ, ತೇರದಾಳದಿಂದ ರಬಕವಿಯವರೆಗೆ ಈ ಸುದ್ದಿಯನ್ನು ಹೊತ್ತು ತಿರುಗಿದವನು ಅವನೇ. ನಂದಾ ಅವನನ್ನು ಕಾಟಾದ ಮೇಲೆ ನಿಲ್ಲಿಸಿದಳು. ಅವನು ಕೈಯ ಕಡಗ ತೆಗೆದ, ಚಪ್ಪಲಿ ಬಿಟ್ಟ, ಉಸಿರು ಹಿಡಿದು ನಿಂತ. ನಂದಾ ಶಾಂತವಾಗಿ ಹೇಳಿದಳು: ದ್ವೀಪದಲ್ಲಿ ತನ್ನ ವಿಮಾನಕ್ಕೆ ಹಾಕುವ ಎಣ್ಣೆ ಸಿಗುವುದಿಲ್ಲ, ಹೋಗುವುದಕ್ಕೂ ಬರುವುದಕ್ಕೂ ಬೇಕಾದಷ್ಟನ್ನು ಇಲ್ಲಿಂದಲೇ ಹೊತ್ತೊಯ್ಯಬೇಕು, ಹಾಗಾಗಿ ಮೂವರಿಗೆ ಮಾತ್ರ ಜಾಗ. ಊರೆಲ್ಲ ಸಾರಿ ಬಂದಿದ್ದ ಧನಪಾಲನ ಮುಖ ಸುಣ್ಣದ ಗೋಡೆಯಾಯಿತು. ಅವನನ್ನು ಬಿಟ್ಟು ತನ್ನನ್ನು ಆರಿಸಿದ್ದು ಶೇವಂತಿಗೆ ಇನ್ನೂ ದೊಡ್ಡ ಆಘಾತ. ಬೀಳಗಿಯ ನೆಂಟರ ಮನೆಗೆ ಹೋದಾಗ ಕಂಡ ಆಲಮಟ್ಟಿಯ ಹಿನ್ನೀರಿಗಿಂತ ದೊಡ್ಡ ನೀರನ್ನು ಅವಳು ಕಂಡವಳಲ್ಲ.

ಆಮೇಲಿನ ತಯಾರಿಯನ್ನು ಓಣಿಯವರು ಇನ್ನೂ ಮರೆತಿಲ್ಲ. ನಡು ಅಂಗಳದಲ್ಲಿ ಮೂರು ಕುರ್ಚಿಗಳನ್ನು ವಿಮಾನದಂತೆ ಜೋಡಿಸಿ, ಗಂಡನನ್ನೂ ಅತ್ತೆಯನ್ನೂ ಕೂರಿಸಿ, ನೀರಿನಲ್ಲಿ ತೇಲಿಸುವ ಹಳದಿ ಜಾಕೀಟುಗಳನ್ನು ತೊಡಿಸಿ, ಬಾಗಿಲು ತೆರೆದು ಹೊರಬೀಳುವುದನ್ನು ನಂದಾ ಮತ್ತೆ ಮತ್ತೆ ಮಾಡಿಸಿದಳು. ಸೀರೆಯ ಮೇಲೆ ಹಳದಿ ಜಾಕೀಟು ತೊಟ್ಟು, ಕಣ್ಣು ಮುಚ್ಚಿ ಇಲ್ಲದ ಬಾಗಿಲಿನ ಇಲ್ಲದ ಹಿಡಿಕೆಯನ್ನು ತಡಕುತ್ತಿದ್ದ ಶೇವಂತಿಯನ್ನು ನೋಡಲು ಮಾಳಿಗೆಗಳ ಮೇಲೆ ಜನ ಸೇರಿದರು. ಪಕ್ಕದ ಮನೆಯ ಮುದಕವ್ವ, ರಜೆಗೆ ಹೊಂಟೀರೋ ಯುದ್ಧಕ್ಕೋ ಎಂದು ಕೇಳಿದಳು.

ಬೆಳಗಾವಿಯಿಂದ ಮಂಗಳೂರಿಗೆ ಒಂದು ದಿನ. ಮರುದಿನ ಬೆಳಿಗ್ಗೆ ಸಮುದ್ರ. ನೆಲದ ಅಂಚು ಹಿಂದೆ ಸರಿದು ಕಾಣದಾದಾಗ ಶೇವಂತಿಗೆ ತಾನು ಲೋಕದಿಂದಲೇ ಕಳಚಿಕೊಂಡೆನೆನಿಸಿತು. ಮೇಲೆ ನೀಲಿ, ಕೆಳಗೆ ನೀಲಿ. ಇಂಜಿನಿನ ಸದ್ದು ಮಗ್ಗದ ಶೆಡ್ಡಿನಂತೆ ಒಂದೇ ಸಮನೆ ಬಡಿಯುತ್ತಿತ್ತು. ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ಸೊಸೆ ಯಾರೊಂದಿಗೋ ಇಂಗ್ಲಿಷಿನಲ್ಲಿ ಆಡುವ ಮಾತು. ಬಹಳ ಹೊತ್ತಾದ ಮೇಲೆ ಪ್ರಭುಲಿಂಗ ಕೈ ತೋರಿದ. ದಿಗಂತದಲ್ಲಿ ನೀರಿನ ಬಣ್ಣ ಬೇರೆಯಾಗಿತ್ತು. ಎಳೆಯ ಹಸಿರು, ಅದರ ಸುತ್ತ ನೊರೆಯ ಬಿಳಿ ಅಂಚು, ನಡುವೆ ತೆಂಗಿನ ಕಡು ಹಸಿರಿನ ಒಂದು ಗೆರೆ. ಜೀವಮಾನವಿಡೀ ಬಣ್ಣದ ನೂಲುಗಳನ್ನು ನೋಡಿದ ಶೇವಂತಿ ಅಂಥ ಹಸಿರನ್ನು ಯಾವ ಲಡಿಯಲ್ಲಿಯೂ ಕಂಡಿರಲಿಲ್ಲ. ಅವಳ ಕಣ್ಣು ತುಂಬಿ ಬಂತು.

ಆಗಲೇ ರೇಡಿಯೊದಲ್ಲಿ ಮಾತು ಬಂತು. ನಂದಾ ಕೇಳಿಕೊಂಡು ಇವರಿಗೆ ತಿಳಿಸಿದಳು: ಮುಂಚೆ ಇಳಿದ ಒಂದು ವಿಮಾನ ಗಾಲಿ ಕೆಟ್ಟು ಓಡುದಾರಿಯ ನಡುವೆಯೇ ನಿಂತಿದೆ, ಎಳೆದು ತೆಗೆಯಲು ಅರ್ಧ ತಾಸು ಹಿಡಿಯಬಹುದು, ಕಾಯಬೇಕಂತೆ. ಅಷ್ಟು ಹೇಳಿ ಅವಳು ಮುಂದಿನ ಮುಳ್ಳುಗಳನ್ನು ನೋಡಿದಳು, ನಿಧಾನವಾಗಿ ವಿಮಾನವನ್ನು ಓರೆಯಾಗಿಸಿದಳು. ಹಸಿರು ಗೆರೆ ಗಾಜಿನ ಅಂಚಿಗೆ ಜಾರಿತು.

"ನಂದಾ, ಕಾಣಾಕತ್ತೇತಲ್ಲ" ಎಂದ ಪ್ರಭುಲಿಂಗ. "ಒಂದೀಟು ಸುತ್ತು ಹಾಕೂಣು. ಅರ್ಧಾ ತಾಸು ಅಂದಾರ."

"ಆಮ್ಯಾಲ?"

ಪ್ರಭುಲಿಂಗ ಗಾಜಿನತ್ತ ಬಾಗಿ ಆ ಹಸಿರನ್ನೇ ಹುಡುಕಿದ.

"ಅರ್ಧಾ ತಾಸು ಅನ್ನೂದು ಅವರ ಅಂದಾಜು ರೀ. ಸುತ್ತು ಹಾಕಿ ಎಣ್ಣಿ ಸುಟ್ಟಮ್ಯಾಲ ದಾರಿ ತೆರೀಲಿಲ್ಲಂದ್ರ ದಂಡಿ ಮುಟ್ಟೂದಿಲ್ಲ. ಇಲ್ಲೇ ತಿರಗಬೇಕಂತ ನೆಲದ ಮ್ಯಾಲಿದ್ದಾಗ ಠರಾಯಿಸೇನಿ."

ಮಗನ ಕುತ್ತಿಗೆಯ ನರ ಉಬ್ಬಿದ್ದನ್ನು ಶೇವಂತಿ ಹಿಂದಿನಿಂದ ಕಂಡಳು. ಊರಿಗೆ ಏನು ಹೇಳುವುದು, ಇಷ್ಟು ದೂರ ಬಂದದ್ದು ಇದಕ್ಕೇ ಏನು ಎಂದು ಅವನು ಬೇಡಿಕೊಂಡ, ಕೊನೆಗೆ ಗದರಿದ. ಶೇವಂತಿಯೂ ಒಳಗೊಳಗೆ ಕುದಿಯುತ್ತಿದ್ದಳು. ಉಣ್ಣಲು ಕೂತವರ ಎಲೆ ಎಳೆದಂತಾಗಿತ್ತು ಅವಳಿಗೆ. ಅವಳು ಕುತ್ತಿಗೆ ತಿರುಗಿಸಿ ಆ ಹಸಿರು ನೀರಿನಲ್ಲಿ ಕರಗುವವರೆಗೂ ನೋಡಿದಳು. ನಂದಾ ಒಮ್ಮೆಯೂ ಹಿಂದಕ್ಕೆ ನೋಡಲಿಲ್ಲ.

ಮಂಗಳೂರಿನಲ್ಲಿ ಇಳಿದಾಗ ತಿಳಿಯಿತು: ಇವರು ತಿರುಗಿದ ಸ್ವಲ್ಪ ಹೊತ್ತಿನಲ್ಲಿಯೇ ಅಲ್ಲಿ ದಾರಿ ತೆರವಾಗಿತ್ತು. ಕಾದಿದ್ದರೆ ಇಳಿಯಬಹುದಾಗಿತ್ತು. ಲಾಡ್ಜಿಗೆ ಬಂದವನೇ ಪ್ರಭುಲಿಂಗ ಮತ್ತೆ ಹೊರಗೆ ನಡೆದುಹೋದ.

ಸಂಜೆ ಶೇವಂತಿ ಕೋಣೆಗೆ ಬಂದಾಗ ನಂದಾ ಕೋಟು ಕಳಚದೆ ಮಂಚದ ಅಂಚಿನಲ್ಲಿ ಕುಳಿತಿದ್ದಳು. ಎದುರಿಗೆ ಆರಿದ ಚಹಾ. ಕಪ್ಪು ಎತ್ತಲು ಹೋದರೆ ಕೈ ನಡುಗಿ ಚಹಾ ಚೆಲ್ಲುತ್ತಿತ್ತು, ಮತ್ತೆ ಇಡುತ್ತಿದ್ದಳು. ಆಕಾಶದಲ್ಲಿ ಕಲ್ಲಿನಂತಿದ್ದ ಕೈ ಅದು. ಅದು ನಡುಗುವುದನ್ನು ಕಂಡು ಶೇವಂತಿ ಬಾಗಿಲಲ್ಲೇ ನಿಂತುಬಿಟ್ಟಳು.

"ನಿಮ್ಮನ್ನ ಅಲ್ಲಿ ಇಳಸಬೇಕಂತ ಭಾಳ ಆಸೆ ಇತ್ತರಿ ಅತ್ತಿ" ಎಂದಳು ನಂದಾ, ತಲೆ ಎತ್ತದೆ. "ನಿಮಗಿಂತ ಹೆಚ್ಚ ನನಗ ಇತ್ತು."

ಶೇವಂತಿ ಅವಳ ಪಕ್ಕದಲ್ಲಿ ಕುಳಿತಳು. ಆ ಮೇಲೆ, ಗಂಡನಿಗಾಗಲಿ ಮಗನಿಗಾಗಲಿ ಎಂದೂ ಹೇಳದ ಸಂಗತಿಯೊಂದನ್ನು ಹೇಳತೊಡಗಿದಳು. ಅವಳು ಹುಟ್ಟಿದ ಊರು ಕೃಷ್ಣೆಯ ದಂಡೆಯ ಚಿಕ್ಕಪಡಸಲಗಿ. ಬ್ಯಾರೇಜಿನ ಮಾತೇ ಇಲ್ಲದ ಕಾಲ. ಹೊಳೆ ದಾಟಲು ದೋಣಿಯೊಂದೇ ಗತಿ. ಆಚೆ ದಂಡೆಯ ಮದುವೆಗೆ ಅವರ ಮನೆಯವರು ಹೊರಟ ದಿನ ನೀರು ಕೆಂಪಾಗಿ ಏರುತ್ತಿತ್ತು. ಅಂಬಿಗ ನೀರು ನೋಡಿ, ಇವತ್ತು ಬ್ಯಾಡ ಎಂದ. ಮುಹೂರ್ತ ಮೀರುತ್ತದೆ, ಆಚೆ ದಂಡೆ ಕಣ್ಣ ಮುಂದೆಯೇ ಇದೆ, ನೀನೆಂಥ ಅಂಬಿಗನೋ ಎಂದು ಅವನನ್ನು ಎಲ್ಲರೆದುರು ಹೀಯಾಳಿಸಿದವನು ಶೇವಂತಿಯ ಅಪ್ಪ. ಅಂಬಿಗ ಹಗ್ಗ ಬಿಚ್ಚಿದ. ದೋಣಿ ನಡುಹೊಳೆಯಲ್ಲಿ ಮಗುಚಿತು. ಅವಳನ್ನು ಯಾರೋ ಜಡೆ ಹಿಡಿದು ಎಳೆದರು. ತಮ್ಮ ಮುರಗೆಪ್ಪ, ಆರು ವರ್ಷದವನು, ಸಿಗಲಿಲ್ಲ. ಅಂಬಿಗನೂ ಸಿಗಲಿಲ್ಲ.

"ಅಂವ ಒಮ್ಮಿ ಬ್ಯಾಡ ಅಂದ ನಂದವ್ವ" ಎಂದಳು ಶೇವಂತಿ. "ಎರಡನೇ ಸಲ ಅನ್ನಲಿಲ್ಲ. ನಮ್ಮಪ್ಪನ ಬಾಯಿಗೆ ಅಂಜಿದ."

ನಂದಾ ದಿಗ್ಭ್ರಮೆಯಿಂದ ಅತ್ತೆಯ ಮುಖವನ್ನೇ ನೋಡಿದಳು. ಹೊಳೆಯಲ್ಲಿ ತಮ್ಮನನ್ನು ಕಳೆದುಕೊಂಡ ಈ ಮುದುಕಿ ಅಂಗಳದಲ್ಲಿ ಆ ಹಳದಿ ಜಾಕೀಟನ್ನು ತೊಟ್ಟಿದ್ದಳು, ಸಮುದ್ರದ ಮೇಲೆ ಬಂದಿದ್ದಳು.

"ಮತ್ತ ಯಾಕ ಬಂದ್ರಿ, ಅತ್ತಿ?"

"ನೀ ಮುಧೋಳದ ಮದಿವ್ಯಾಗ ಬೀಗರ ಕಾರು ನಿಂದ್ರಿಸಿದ್ದಿ. ಅವತ್ತ ನನಗ ನಾಚಿಕಿ ಬಂದಿತ್ತು ಖರೆ. ಆದ್ರ ಇಕಿ ಕೈಯಾಗ ಜೀವಾ ಕೊಡಬಹುದು ಅಂತ ಅನಿಸಿತ್ತು."

ಅತ್ತೆ ಕಪ್ಪನ್ನು ಎತ್ತಿ ಸೊಸೆಯ ತುಟಿಗೆ ಹಿಡಿದಳು. ಆರಿದ ಚಹಾವನ್ನು ನಂದಾ ಮಗುವಿನಂತೆ ಕುಡಿದಳು.

ಮರುದಿನ ಸಮುದ್ರದ ಮೇಲೆ ಮೋಡ ಕವಿಯಿತು. ಅದರ ಮರುದಿನವೂ ತಿಳಿಯಾಗಲಿಲ್ಲ. ರಜೆ ಮಂಗಳೂರಿನ ದಂಡೆಯಲ್ಲಿಯೇ ಮುಗಿಯಿತು. ಊರಿನಲ್ಲಿ ಧನಪಾಲ ಕಾದಿದ್ದ. ಬಾಗಿಲವರೆಗೆ ಹೋಗಿ ಮನೆ ನೋಡದೆ ಬಂದವರು ಎಂದು ಅಂಗಡಿ ಅಂಗಡಿಯಲ್ಲಿ ಹೇಳಿ ನಗಿಸಿದ. ತನ್ನನ್ನು ಒಯ್ದಿದ್ದರೆ ಗೆಳೆಯನ ಹೆಂಡತಿ ಆ ಅಂಜುಬುರುಕ ವೈನಿಗೆ ಧೈರ್ಯ ಹೇಳುತ್ತಿದ್ದೆನೆಂದ. ಪ್ರಭುಲಿಂಗ ಕೆಲ ದಿನ ಪೇಟೆಗೆ ಹೋಗುವುದನ್ನೇ ಬಿಟ್ಟ. ಒಂದು ದಿನ ಧನಪಾಲ ಪಡಸಾಲೆಯಲ್ಲಿ ಕುಳಿತು ಅದೇ ಮಾತು ತೆಗೆದಾಗ ಶೇವಂತಿ ಒಳಗಿನಿಂದ ಬಂದು, ಅಂಬಿಗನ ಕಥೆಯನ್ನು ಗಂಡಸರಿಬ್ಬರ ಮುಂದೆ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಪ್ರಭುಲಿಂಗನ ಕಣ್ಣು ನೆಲಕ್ಕಿಳಿಯಿತು. ತನಗೊಬ್ಬ ಸೋದರಮಾವನಿದ್ದನೆಂಬುದೇ ಅವನಿಗೆ ತಿಳಿದಿರಲಿಲ್ಲ. ಧನಪಾಲ ಹೋಗುವಾಗ ನಂದಾಳ ಮುಂದೆ ನಿಂತು "ತಪ್ಪಾತ್ರಿ ವೈನಿ" ಎಂದ. ಆ ಮೇಲೆ ಅವನು ಆ ಮಾತಿಗೆ ನಕ್ಕದ್ದನ್ನು ಯಾರೂ ಕೇಳಲಿಲ್ಲ.

ಮುಂದಿನ ಚಳಿಗಾಲ ಅವರು ಮತ್ತೆ ಹೊರಟರು, ಸುಖವಾಗಿ ಇಳಿದರು, ನಾಲ್ಕು ದಿನ ಇದ್ದು ಬಂದರು. ಅದರ ಬಗ್ಗೆ ಕೇಳಿದರೆ ಶೇವಂತಿ, ಉಸುಕು ಬೆಳ್ಳಗಿತ್ತು, ಮೀನಿನ ವಾಸನೆ ಬಹಳ ಎಂದು ಎರಡು ಮಾತಿನಲ್ಲಿ ಮುಗಿಸುತ್ತಾಳೆ. ಅವಳು ಸಾವಧಾನವಾಗಿ, ಕಾಲು ಚಾಚಿ ಕುಳಿತು ಹೇಳುವುದು ಮುಟ್ಟದೆ ಬಂದ ಆ ಮೊದಲ ಸಲದ ಕಥೆಯನ್ನು.

ನಾವು ಧೀರರೆಂದು ಕೊಂಡಾಡುವುದು ಬಹುಮಟ್ಟಿಗೆ ಮುಟ್ಟಿದವರನ್ನು. ಮುಟ್ಟಬಹುದಾದದ್ದನ್ನು ಕಣ್ಣಾರೆ ಕಂಡು, ತನ್ನವರ ಸಿಟ್ಟನ್ನೂ ಊರಿನ ನಗೆಯನ್ನೂ ಬೆನ್ನ ಮೇಲೆ ಹೊತ್ತು ತಿರುಗಿ ಬರುವವರಿಗೆ ನಮ್ಮಲ್ಲಿ ಹೆಸರಿಲ್ಲ. ಅಂಜುಬುರುಕರೆನ್ನುತ್ತೇವೆ, ಇಲ್ಲವೇ ಹಟಮಾರಿಗಳೆನ್ನುತ್ತೇವೆ. ತಾವು ಸರಿಯಾಗಿದ್ದೆವೆಂದು ಸಾಧಿಸಿ ತೋರಿಸಲು ಅವರಿಗೂ ಆಗುವುದಿಲ್ಲ, ಆಗದೆ ಹೋದ ಅನಾಹುತಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು? ಆದರೆ ಅಂಥವರಿರುವ ಮನೆಗಳಲ್ಲಿ ಆರು ವರ್ಷದ ಹುಡುಗರು ಏಳು ವರ್ಷದವರಾಗುತ್ತಾರೆ, ಮೀಸೆ ಬರಿಸಿಕೊಳ್ಳುತ್ತಾರೆ, ಮುದುಕರಾಗುತ್ತಾರೆ. ಹಾಗಾದದ್ದು ಯಾರಿಂದ ಎಂದು ಅವರಿಗೆ ತಿಳಿಯುವುದೇ ಇಲ್ಲ.