ಹನ್ನೆರಡು ಹೆಜ್ಜೆಗೊಂದು ಗಿಡ

ಯಜ್ಞೇಶ್ವರರಾಯರು ನಡೆಯುತ್ತಿರಲಿಲ್ಲ, ನೆಲವನ್ನು ಅಳೆಯುತ್ತಿದ್ದರು. ಆರಡಿ ಮೀರಿದ ದೇಹ, ಕಡುಬೇಸಿಗೆಯಲ್ಲೂ ಕುತ್ತಿಗೆಯವರೆಗೆ ಗುಂಡಿ ಹಾಕಿದ ಕಪ್ಪು ಕೋಟು, ಅದರ ಕೆಳಗೆ ಧೋತರದ ನಿರಿಗೆಯನ್ನು ಝಾಡಿಸಿಕೊಂಡು ಮುಂದಕ್ಕೆ ಬೀಳುವ ಒಂದೊಂದು ದೀರ್ಘ ಹೆಜ್ಜೆ. ಜೊತೆಗೆ ಹೊರಟವರು ಓಡಬೇಕು, ಇಲ್ಲವೆ ಹಿಂದೆ ಉಳಿಯಬೇಕು. "ನನ್ನ ಹೆಜ್ಜಿ ಅಂದ್ರ ಒಂದ ಗಜಾರಿ ಮಾಸ್ತರ. ಸರಕಾರಿ ಗಜಾ ತಪ್ಪೀತು, ಇದು ತಪ್ಪೂದಿಲ್ಲ," ಎನ್ನುವರು. ಸ್ಟೇಶನ್ನಿನಿಂದ ಮನೆಗೆ ಎಷ್ಟು ಹೆಜ್ಜೆ ಎಂದು ಕೇಳದವರಿಗೂ ಹೇಳುವ ಚಟ ಬೇರೆ. "ನಮ್ಮ ಲಗ್ನದಾಗ ಸಪ್ತಪದಿ ಮುಗದ ಕೂಡ್ಲೆ ಏಳ ಗಜಾ ಆತು ಅಂದಿದ್ರು," ಎಂದು ಹೆಂಡತಿ ಕಾಶೀಬಾಯಿ ನಗಿಸುತ್ತಿದ್ದರು.

ನೌಕರಿ ದೂರದ ಕರಾಚಿಯಲ್ಲಿ, ಒಂದು ಹಡಗಿನ ಕಚೇರಿಯಲ್ಲಿ. ೧೯೩೧ರಲ್ಲಿ ರಜೆಗೆ ಬಂದವರು ರಾಯಾಪುರದ ಹತ್ತಿರ ಎರಡೆಕರೆ ಕೆಂಪು ಮಸಾರಿ ಹೊಲ ಕೊಂಡು, ಬೈರಿದೇವರಕೊಪ್ಪದ ಬಡೇಸಾಬನಿಗೆ ಒಪ್ಪಿಸಿ ಹೋದರು. ನಿವೃತ್ತಿಗೆ ಇನ್ನೂ ಎಂಟು ವರ್ಷ. ಅಷ್ಟರಲ್ಲಿ ಅರವತ್ತು ಆಪೂಸ್ ಮಾವಿನ ಕಸಿ ಗಿಡಗಳು ನೆರಳು ಕೊಡುವಂತಾಗಬೇಕು ಎಂಬುದು ಅವರ ಜೀವದ ಆಸೆ. ಬಡೇಸಾಬನಿಗೆ ಅಕ್ಷರ ಬಾರದು; ರಾಯಾಪುರದ ಸಾಲಿಯಲ್ಲಿ ಮಾಸ್ತರನಾಗಿದ್ದ ನಾನು ರಾಯರ ಕಾರ್ಡು ಓದಿ ಹೇಳಬೇಕು, ಉತ್ತರ ಬರೆಯಬೇಕು. ಮೊದಲ ಕಾರ್ಡಿನಲ್ಲೇ ಆಜ್ಞೆ ಇತ್ತು: ಹನ್ನೆರಡು ಹೆಜ್ಜೆಗೊಂದು ಗಿಡ, ಅಳತೆ ಮುಖ್ಯ.

ಬಡೇಸಾಬ ಆಳು ಗಿಡ್ಡ, ಹೆಜ್ಜೆ ಅದಕ್ಕೆ ತಕ್ಕಂತೆ. ಅವನು ಭಕ್ತಿಯಿಂದ ಹನ್ನೆರಡು ಎಣಿಸಿ ಎಣಿಸಿ ನೆಟ್ಟ. ಯಾರ ಹೆಜ್ಜೆ ಎಂದು ಕೇಳಲು ಅವನಿಗೂ ಹೊಳೆಯಲಿಲ್ಲ, ಓದಿ ಹೇಳಿದ ಪಂಡಿತನಾದ ನನಗೂ ಹೊಳೆಯಲಿಲ್ಲ! "ಗಿಡಾ ಮುಗದ್ರೂ ಹೊಲಾ ಮುಗೀಲಿಲ್ಲ ನೋಡ್ರಿ ಮಾಸ್ತರ," ಎಂದು ಹಿಗ್ಗಿ, ಉಳಿದ ಅರ್ಧಕ್ಕೆ ಜೋಳ ಬಿತ್ತಿದ. ಅದನ್ನೂ ಬರೆದೆ. ಹೊಲ ಮಾರಿದವನು ದೊಡ್ಡ ಮನಸ್ಸಿನವನು, ಹೆಚ್ಚೇ ಅಳೆದು ಕೊಟ್ಟಿದ್ದಾನೆ ಎಂದು ಕರಾಚಿಯಿಂದ ಉತ್ತರ ಬಂತು.

ಅಲ್ಲಿ ರಾಯರು ಮಾಳಿಗೆಯ ಮೇಲೆ ಹನ್ನೆರಡು ಹೆಜ್ಜೆ ದೂರಕ್ಕೆ ಸುಣ್ಣದಿಂದ ಎರಡು ಗುಂಡನೆಯ ಗುರುತು ಬರೆದು, ಮುಂಜಾನೆದ್ದು ಅವುಗಳ ನಡುವೆ ಅಡ್ಡಾಡುತ್ತಿದ್ದರಂತೆ. ಇದು ಏಳನೆಯ ಗಿಡ, ಇದು ಎಂಟನೆಯದು ಎಂದು ಸಂಖ್ಯೆ ಹೇಳುತ್ತ ಅರವತ್ತೂ ಮುಗಿಸಿದ ಮೇಲೆಯೇ ಚಹಾ.

೧೯೩೯ರಲ್ಲಿ ಊರಿಗೆ ಮರಳಿದವರು ಕೋಟೂ ಬಿಚ್ಚದೆ ತೋಟಕ್ಕೆ ನಡೆದರು; ಕಾಶೀಬಾಯಿ, ಬಡೇಸಾಬ, ನಾನು ಹಿಂದೆ ಓಡಿದೆವು. ಮೊದಲ ಗಿಡದಿಂದ ಎಂಟು ಹೆಜ್ಜೆಗೇ ಎರಡನೆಯದು ಎದೆಗೆ ಬಂತು. ತಿರುಗಿ ನಡೆದರು, ಮತ್ತೆ ಎಂಟು.

"ಎಂಟs ಆತಲ್ಲೋ ಬಡೇಸಾಬ!"

"ಹನ್ನೆರಡ ಅದಾವ್ರಿ ರಾಯರ, ಅಲ್ಲಾನಾಣಿ. ನಡದ ತೋರಸ್ಲೇನ್ರಿ?"

ನಡೆದು ತೋರಿಸಿದ. ಸರಿಯಾಗಿ ಹನ್ನೆರಡು.

ಕೊಂಬೆಗೆ ಕೊಂಬೆ ತಾಕುತ್ತಿತ್ತು. ಪಕ್ಕದ ಹೊಲದ ಬೀರಲಿಂಗಪ್ಪ ಬಂದು ನೋಡಿ, "ಒಂದ ಬಿಟ್ಟ ಒಂದ ಕಡೀರಿ. ಇಲ್ಲಂದ್ರ ಗಿಡಾ ಮ್ಯಾಲ ಏರ್ತಾವು, ಕಾಯಿ ಹಿಡಿಯೂದಿಲ್ಲ," ಎಂದ. ಮಾತು ಖರೆಯದೇ. ರಾಯರ ಮುಖ ಕಪ್ಪಿಟ್ಟಿತು. "ಕಡಸೂದs. ಅಳತಿ ಅಂದ್ರ ಅಳತಿ," ಎಂದು, ಕಡಿಯುವ ಗಿಡಗಳಿಗೆ ಗುರುತು ಹಾಕಲು ಬಡೇಸಾಬನ ಕೈಗೆ ಸುಣ್ಣದ ಡಬ್ಬಿ ಕೊಟ್ಟರು.

ಬಡೇಸಾಬ ಒಂದು ಗಿಡದ ಮುಂದೆ ನಿಂತ. "ಇದಕ್ಕ ಗೆದ್ದಲ ಹತ್ತಿತ್ರಿ, ಭಾಳ ತ್ರಾಸ ತಗೊಂಡ ಉಳಿಸೀನಿ," ಎಂದು ಮುಂದೆ ಹೋದ. "ಇದನ್ನ ಎಮ್ಮಿ ಮೇದಿತ್ತು, ಬುಡದಿಂದ ಮತ್ತ ಚಿಗತದ." ಸಾಲು ಮುಗಿಯಿತು, ಡಬ್ಬಿಯ ಸುಣ್ಣ ಹಾಗೆಯೇ ಇತ್ತು. "ನನ್ನ ಕೈಲೆ ಆಗೂದಿಲ್ರಿ. ನೀವs ಹಚ್ರಿ."

ರಾಯರು ಡಬ್ಬಿ ಹಿಡಿದು ನಿಂತರು. ಅವರಿಗೆ ಸಂಖ್ಯೆಗಳು ಗೊತ್ತಿದ್ದವು, ಗಿಡಗಳು ಗೊತ್ತಿರಲಿಲ್ಲ. ಕಾಶೀಬಾಯಿ ಮೆಲ್ಲಗೆ, "ಎಂಟ ವರ್ಷ ನೀವು ಮಾಳಿಗಿ ಮ್ಯಾಲೆ ನಡದ್ರಿ. ಅಂವಾ ಇಲ್ಲೆ ಕೊಡಾ ಹೊತ್ತಾನ," ಎಂದರು.

ರಾಯರು ಡಬ್ಬಿ ಕೆಳಗಿಟ್ಟರು. "ಇನ್ನೊಮ್ಮಿ ನಡಿಯೋ ಬಡೇಸಾಬ." ಅವನು ನಡೆದ. ರಾಯರು ಧೋತರ ಎತ್ತಿಕೊಂಡು, ಮಸಾರಿ ಮಣ್ಣಿನಲ್ಲಿ ಮೂಡಿದ ಅವನ ಹೆಜ್ಜೆಯ ಮೇಲೆಯೇ ಹೆಜ್ಜೆಯಿಡುತ್ತ ಹಿಂದಿನಿಂದ ಎಣಿಸಿದರು. "ಹನ್ನೊಂದು... ಹನ್ನೆರಡು. ಹನ್ನೆರಡ ಖರೇ." ನನಗೆ ಕಣ್ಣು ತುಂಬಿ ಬಂತು, ಆ ಕಾರ್ಡು ಓದಿದ ಬಾಯಿ ನನ್ನದೇ.

ಒಂದೂ ಗಿಡ ಕಡಿಯಲಿಲ್ಲ. ಬೀರಲಿಂಗಪ್ಪ ಹೇಳಿದಂತೆ ಅವು ಎತ್ತರಕ್ಕೇರಿದವು, ಕಾಯಿ ತುದಿಗಷ್ಟೇ ಬಿಟ್ಟವು. ನೆರಳಿಗೆ ಮಾತ್ರ ಕೊರತೆಯಿರಲಿಲ್ಲ. ಹಾದಿಯುದ್ದಕ್ಕೂ ಗಜಗಟ್ಟಲೆ ನುಂಗಿಕೊಂಡು ಬರುತ್ತಿದ್ದ ರಾಯರು ಬೇಲಿ ದಾಟಿದೊಡನೆ ಹೆಜ್ಜೆ ಸಣ್ಣ ಮಾಡುತ್ತಿದ್ದರು. ಹೊಸಬರು ಅವರಿಗೆ ಮೊಣಕಾಲು ನೋವೆಂದು ತಿಳಿಯುತ್ತಿದ್ದರು.

ದೂರದಲ್ಲಿ ಕೂತು ತೋಟ ಮಾಡುವವರಿಗೆಲ್ಲ ಎರಡು ತೋಟಗಳಿರುತ್ತವೆ: ಮನಸ್ಸಿನಲ್ಲಿ ಒಂದು, ಮಣ್ಣಿನಲ್ಲಿ ಒಂದು. ಮನಸ್ಸಿನದು ಒಡೆಯನ ಅಳತೆಗೆ ಬೆಳೆಯುತ್ತದೆ, ಮಣ್ಣಿನದು ನೀರು ಹೊತ್ತವನ ಅಳತೆಗೆ. ಊರಿಗೆ ಮರಳಿದ ದಿನ ಎರಡೂ ಎದುರುಬದುರಾದಾಗ ಇವರಲ್ಲಿ ಹೆಚ್ಚಿನವರು ಗಿಡ ಕಡಿಸುತ್ತಾರೆ. ಹೆಜ್ಜೆ ಕಡಿಮೆ ಮಾಡಿಕೊಂಡವರು ನಾನು ಕಂಡಂತೆ ಇವರೊಬ್ಬರೇ.