ದೀಪ ಹಚ್ಚುವ ಹೊತ್ತಿನ ಕೊಳಲು

ವರದಮ್ಮ ರೊಪ್ಪದ ಹಿಕ್ಕೆ ಗುಡಿಸುತ್ತಿದ್ದಳು. ರಾತ್ರಿಯೆಲ್ಲ ಕುರಿಗಳು ಮಲಗೆದ್ದ ನೆಲ ಇನ್ನೂ ಬೆಚ್ಚಗಿತ್ತು. ಅರ್ಧ ಗುಡಿಸಿ ಪುಟ್ಟಿಗೆ ತುಂಬುವಷ್ಟರಲ್ಲಿ ಮುಳ್ಳುಬೇಲಿಯ ಮೂಲೆಯಿಂದ ಧೊಪ್ಪೆಂದು ಸದ್ದು ಬಂತು, ಅದರ ಹಿಂದೆಯೇ ಮರಿಯ ಕೂಗು. ಪೊರಕೆ ಬಿಸಾಕಿ ಓಡಿದಳು.

ಕೆಂಚಿ ಅನ್ನುವ ಕುರಿ ಹಿಂದಿನ ದಿನ ಈದಿತ್ತು. ಚೊಚ್ಚಲು. ತನ್ನ ಹೊಟ್ಟೆಯಿಂದ ಬಿದ್ದದ್ದು ಏನೆಂದು ಅದಕ್ಕೆ ಇನ್ನೂ ತಿಳಿದಂತಿರಲಿಲ್ಲ. ಮರಿ ಕೆಚ್ಚಲಿಗೆ ಬಾಯಿ ಹಾಕಲು ಬಂದಾಗಲೆಲ್ಲ ಸರಿದು ಹೋಗುತ್ತಿತ್ತು. ಈಗ ತಲೆಯಿಂದ ಗುದ್ದಿ ಬೇಲಿಗೇ ಕೆಡವಿತ್ತು.

"ಥೂ ನಿನ್ನ! ಹೆತ್ತೋಳೇ ಹಿಂಗಾಡಿದ್ರೆ ಅದು ಯಾರತ್ರ ಹೋಗ್ಬೇಕೇ?" ವರದಮ್ಮ ಮರಿಯನ್ನು ಎತ್ತಿ ಸೆರಗಿನಲ್ಲಿ ಸುತ್ತಿದಳು.

ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಅತ್ತೆ ನಿಂಗಮ್ಮ ಅಲ್ಲಿಂದಲೇ ಕೂಗಿದಳು. "ಬೈದ್ರೆ ಹಾಲು ಇಳೀತೈತೇನೆ? ಮರಿ ಬೆನ್ನಿಗೆ ಉಪ್ಪು ಸವರು, ನೆಕ್ತಾ ನೆಕ್ತಾ ಹಚ್ಗಂತೈತಿ."

"ಸವರೀನಿ ಕಣತ್ತೆ. ಉಪ್ಪು ನೆಕ್ಕಿತು, ಒದೀತು."

"ಹಂಗಾದ್ರೆ ನಮ್ಮ ಬೀರ ಬಂದು ಊ..." ಮುದುಕಿಯ ಮಾತು ಅಲ್ಲಿಗೇ ನಿಂತಿತು. ನಾಲಗೆಗೆ ಅಭ್ಯಾಸವಾದ ಹೆಸರು. ಮಗ ತೀರಿಹೋಗಿ ದೀಪಾವಳಿ ಕಳೆದು, ಸಂಕ್ರಾಂತಿ ಕಳೆದು, ಶಿವರಾತ್ರಿ ಹತ್ತಿರ ಬಂದಿದ್ದರೂ ನಾಲಗೆಗೆ ಮಾತ್ರ ಅದು ತಿಳಿದಿರಲಿಲ್ಲ.

ಬಳ್ಳಿಗಾವಿಯ ಸುತ್ತಿನ ಊರುಗಳಲ್ಲಿ ಕುರಿ ಸಾಕುವವರು ಬೇಕಾದಷ್ಟು ಜನರಿದ್ದರು. ಆದರೆ ಮರಿಯನ್ನು ಒಲ್ಲೆನ್ನುವ ಕುರಿಯ ಪಕ್ಕ ಕೂತು ಕೊಳಲು ಊದುತ್ತಿದ್ದವನು ವರದಮ್ಮನ ಗಂಡ ಚಿಕ್ಕಬೀರಪ್ಪ ಒಬ್ಬನೇ. ದೊಡ್ಡ ಪದವೇನೂ ಅಲ್ಲ. ನಾಲ್ಕು ಸ್ವರ ಏರಿ ಮೂರು ಸ್ವರ ಇಳಿಯುವ ಒಂದು ಚೂರು. ಅದನ್ನೇ ತಿರುಗಿ ತಿರುಗಿ ಊದುವನು. ಕುರಿಯ ಕಿವಿ ಮೊದಲು ನೆಟ್ಟಗಾಗುತ್ತಿತ್ತು, ಆಮೇಲೆ ಜೋತು ಬೀಳುತ್ತಿತ್ತು. ಆ ಹೊತ್ತು ನೋಡಿ ವರದಮ್ಮ ಮರಿಯನ್ನು ಮೆಲ್ಲಗೆ ಕೆಚ್ಚಲಿನ ಕೆಳಗೆ ತಳ್ಳುವಳು. "ಬೀರಪ್ಪ ಕುರೀಗೆ ಜೋಗುಳ ಹಾಡ್ತಾನೆ" ಎಂದು ನಗುತ್ತಿದ್ದವರೇ ತಮ್ಮ ರೊಪ್ಪದಲ್ಲಿ ಹೀಗಾದರೆ ಅವನನ್ನು ಕರೆಯಲು ಬರುತ್ತಿದ್ದರು.

ಆ ಕೊಳಲು ಈಗಲೂ ಮನೆಯಲ್ಲೇ ಇತ್ತು. ಊದಬಲ್ಲವಳೂ ಮನೆಯಲ್ಲೇ ಇದ್ದಳು. ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ವರದಮ್ಮ ತಲೆಯೆತ್ತಿದೊಡನೆ ಒಳಗೆ ಸರಿದಳು.

ಹುಲಿಗೆಮ್ಮ. ಎಲ್ಲರ ಬಾಯಲ್ಲಿ ಹುಲಿಗಿ. ವರದಮ್ಮನ ಹತ್ತು ವರ್ಷದ ಮಗಳು. ಹಾಲುಹಲ್ಲು ಬೀಳುವ ಮೊದಲೇ ಅಪ್ಪನ ತೊಡೆಯ ಮೇಲೆ ಕೂತು ಊದಲು ಕಲಿತಿದ್ದಳು. "ಹೆಣ್ಣುಡುಗಿಗೆ ಕೊಳಲು ಕೊಟ್ಟು ಕೆಡಿಸ್ತೀಯಲ್ಲೋ, ನಾಳೆ ಯಾರ್ ಮಾಡ್ಕಂತಾರೆ ಇದನ್ನ?" ಎಂದು ನಿಂಗಮ್ಮ ರೇಗಿದರೆ, "ಕುರೀಗೇನು ಗಂಡು ಹೆಣ್ಣು ಗೊತ್ತೈತೇನವ್ವಾ? ಕುರಿ ಇರೋ ಮನೀಗೇ ಕೊಟ್ಟರಾತು ಬಿಡು" ಎಂದು ಅವನು ನಗುತ್ತಿದ್ದ. ಮುದುಕಿಯ ಇನ್ನೊಂದು ತಕರಾರು ದಿನವೂ ಸಂಜೆ ಇದ್ದದ್ದೇ. ದೀಪ ಹಚ್ಚುವ ಹೊತ್ತಿಗೆ ಹುಲಿಗಿ ಊದುತ್ತಿದ್ದರೆ, "ಸಾಕು ಇಡೇ. ಹೊತ್ತು ಮುಳುಗಿದ ಮ್ಯಾಲೆ ಕೊಳಲು ಊದಿದ್ರೆ ಹುಳ ಬರ್ತೈತಿ" ಅನ್ನುವಳು. ಹಾವಿನ ಹೆಸರು ಹೇಳಬಾರದೆಂದು ಹುಳ. ಎಲ್ಲ ಮನೆಗಳಲ್ಲೂ ಮಕ್ಕಳಿಗೆ ಹೇಳುವ ಮಾತೇ. ಅನ್ನ ಚೆಲ್ಲಬೇಡ, ಹೊಸ್ತಿಲ ಮೇಲೆ ಕೂರಬೇಡ ಅಂದಹಾಗೆ. ಹೇಳುವವರೂ ಕೇಳುವವರೂ ಅದನ್ನು ಅಲ್ಲಿಗೇ ಮರೆಯುತ್ತಿದ್ದರು.

ಅವನು ಹೋದ ಆ ಸಂಜೆಯೂ ಹುಲಿಗಿ ಊದುತ್ತಿದ್ದಳು. ನಿಂಗಮ್ಮ ಸಾಕು ಅಂದಿದ್ದಳು. "ಇನ್ನೊಂದು ಸರ್ತಿ ಅಜ್ಜೀ" ಎಂದು ಹುಡುಗಿ ಮುಂದುವರಿಸಿದ್ದಳು. ಒಳಗಿನಿಂದ ವರದಮ್ಮ, "ಒಲೆ ಆರ್ತಾ ಐತೆ, ಒಂದೀಟು ತೊಗರಿಕಟ್ಟಿಗೆ ತಗಂಬರ್ರೀ" ಎಂದು ಗಂಡನನ್ನು ಕೂಗಿದ್ದಳು. ಹಿತ್ತಿಲ ಕಟ್ಟಿಗೆ ಒಟ್ಟಿಲಿಗೆ ಅವನು ಕೈ ಹಾಕಿದ. ಒಳಗೆ ಹುಳವಿತ್ತು. ಶಿಕಾರಿಪುರದ ಆಸ್ಪತ್ರೆಗೆಂದು ಗಾಡಿ ಕಟ್ಟಿದರು. ಊರ ದೀಪಗಳು ಕಾಣುವ ಮುಂಚೆಯೇ ಗಾಡಿಯಲ್ಲಿ ಜೀವ ಹೋಯಿತು.

ಅಂದಿನಿಂದ ಹುಲಿಗಿ ಕೊಳಲು ಮುಟ್ಟಿರಲಿಲ್ಲ. ಅದನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಸೂರಿನ ಗಳುವಿನ ಸಂದಿಗೆ ತಾನೇ ಸಿಕ್ಕಿಸಿದ್ದಳು. ಅಪ್ಪನ ನೆನಪಿಗೆ ಕೈ ಬರುತ್ತಿಲ್ಲವೆಂದು ವರದಮ್ಮ ತಿಳಿದಳು. ಕಾಲ ಹೋದಂತೆ ತಾನೇ ಸರಿಹೋಗುತ್ತದೆ ಅಂದುಕೊಂಡಳು. ಜಡೆಯ ತವರಿಗೆ ಕರೆದುಕೊಂಡು ಹೋಗಿ ನಾಲ್ಕು ದಿನ ಇಟ್ಟುಕೊಂಡೂ ನೋಡಿದಳು. ಹುಡುಗಿ ಕೇಳಿದ್ದಕ್ಕೆ ಉತ್ತರ ಕೊಡುವಳು, ಹೇಳಿದ ಕೆಲಸ ಮಾಡುವಳು, ತಾನಾಗಿ ಒಂದು ಮಾತೂ ಆಡಳು. ಮನೆಯಲ್ಲಿ ಮಗುವೊಂದು ಇದ್ದೂ ಇಲ್ಲದ ಹಾಗೆ. ಗಂಡನಿಲ್ಲದ ಮನೆಗೆ ವರದಮ್ಮ ಹೇಗೋ ಒಗ್ಗಿಕೊಳ್ಳುತ್ತಿದ್ದಳು. ಈ ಸದ್ದಿಲ್ಲದ ಮಗಳಿಗೆ ಒಗ್ಗಿಕೊಳ್ಳುವುದು ಆಗುತ್ತಿರಲಿಲ್ಲ.

ಆ ದಿನವೆಲ್ಲ ಮರಿಗೆ ಹಸುವಿನ ಹಾಲನ್ನು ಬಟ್ಟೆಯ ಬತ್ತಿಯಲ್ಲಿ ಅದ್ದಿ ಚೀಪಿಸಿದಳು. ಅರ್ಧ ಬಾಯಿಯಿಂದ ಹೊರಗೇ ಹರಿಯಿತು. ಸಂಜೆ ಒಲೆಯ ಮುಂದೆ ಮಗಳನ್ನು ಕೇಳಿದಳು.

"ಒಂದ್ ಸರ್ತಿ ಊದ್ತೀಯೇನೇ, ಮಗಾ? ಕೆಂಚಿ ನಿಂತ್ರೂ ನಿಂತೀತು."

"ಬ್ಯಾಡವ್ವ."

"ಮರಿ ಸಾಯ್ತೈತಿ ಕಣೇ."

ಹುಲಿಗಿ ಒಲೆಯೊಳಗಿನ ಕಟ್ಟಿಗೆಯನ್ನು ಸುಮ್ಮನೆ ಹಿಂದೆ ಮುಂದೆ ಸರಿಸಿದಳು. ವರದಮ್ಮ ಬತ್ತಿಯನ್ನು ಹಾಲಿಗೆ ಅದ್ದಿ ಮರಿಯ ಬಾಯಿಗಿಟ್ಟಳು. ಮತ್ತೆ ಕೇಳಲಿಲ್ಲ.

ಮಾರನೆಯ ದಿನ ಬುತ್ತಿಗೆಂದು ಮೈದುನ ಕರಿಯಣ್ಣ ಬಂದ. ಅಣ್ಣ ಹೋದಮೇಲೆ ಕುರಿಮಂದೆ ಕಾಯುವವನು ಅವನೇ. ಮರಿಯ ಬಾಯಿಗೆ ಬೆರಳಿಟ್ಟು ನೋಡಿ, "ತಣ್ಣಗಾಗೈತಿ ಅತ್ತಿಗೆ. ಇವತ್ತು ರಾತ್ರಿ ಕಳೆಯಲ್ಲ" ಅಂದ. "ಅಣ್ಣ ಮಾಡಿಟ್ಟ ಕೆಲ್ಸ ನೋಡು. ನಮ್ ಕುರಿಗೆಲ್ಲ ಸಂಗೀತದ ಚಟ ಹತ್ತಿಸಿ ಹೋದ. ತಡಿ, ನಾನೇ ಊದ್ತೀನಿ."

"ನೀನಾ? ಸಿಳ್ಳೆ ಹೊಡಿಯಾಕೂ ಬರಲ್ಲ ನಿಂಗೆ" ಅಂದಳು ನಿಂಗಮ್ಮ.

"ಊದೋದು ತಾನೇ? ಒಲೆ ಊದಿಲ್ವಾ ನಾನು?"

ಅವನು ಕೈ ಚಾಚಿ ಸೂರಿನಿಂದ ಕೊಳಲು ಎಳೆದ, ಬಟ್ಟೆ ಬಿಚ್ಚಿದ, ಕೆಂಚಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೆನ್ನೆಯುಬ್ಬಿಸಿ ಊದಿದ. ಗೂರಲು ಹತ್ತಿದ ಮುದುಕ ಮೆಟ್ಟಿಲು ಹತ್ತಿದಂತೆ ಒಂದು ಸದ್ದು ಬಂತು. ಕೆಂಚಿ ಹಾರಿ ಬೇಲಿಯ ಆ ಕಡೆ ಮುಖ ಮಾಡಿತು. ನಾಯಿ ಎದ್ದು ಹೊರಟೇಹೋಯಿತು. ನಿಂಗಮ್ಮನಿಗೆ ನಗು ತಡೆಯಲಾಗಲಿಲ್ಲ. ಮಗ ಹೋದಮೇಲೆ ಮೊದಲ ಸಲ ನಕ್ಕಳು, ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕರಿಯಣ್ಣ ಸೋಲೊಪ್ಪದೆ ಕೊಳಲನ್ನು ತೊಡೆಗೆ ಬಡಿದು, "ಇದ್ರಾಗೆ ಧೂಳು ಕುಂತೈತಿ" ಎನ್ನುತ್ತ ಇನ್ನೊಮ್ಮೆ ಬಡಿಯಲು ಎತ್ತಿದ.

"ಕೊಡು ಕಾಕಾ. ಒಡೀತೀಯ."

ಹುಲಿಗಿ ಅವನ ಕೈಯಿಂದ ಅದನ್ನು ಕಿತ್ತುಕೊಂಡಳು. ಕಿತ್ತುಕೊಂಡ ಮೇಲೆ ತನ್ನ ಕೈಯಲ್ಲಿರುವುದೇನೆಂದು ನೋಡಿದಳು. ಅವಳು ತಲೆಯೆತ್ತಿ ಸೂರ್ಯ ಎಲ್ಲಿದ್ದಾನೆಂದು ನೋಡಿದಳು. ನೆತ್ತಿಯ ಮೇಲೆಯೇ ಇದ್ದ. ಆಮೇಲೆ ಒಂದು ಕೋಲು ತಂದು ರೊಪ್ಪದ ಮೂಲೆಮೂಲೆಯನ್ನೂ, ಕಲ್ಲಿನ ಸಂದಿಗಳನ್ನೂ ತಿವಿದಳು. ಬೇಲಿಯ ಬುಡವನ್ನು ಬಡಿದಳು.

"ನೀವೆಲ್ಲ ಜಗಲಿ ಮ್ಯಾಲೆ ಕುಂದ್ರಿ. ಕಾಲು ಕೆಳಗೆ ಬಿಡಬ್ಯಾಡ್ರಿ."

"ನಾನ್ಯಾಕೆ..." ಎಂದ ಕರಿಯಣ್ಣನ ತೋಳನ್ನು ವರದಮ್ಮ ಹಿಡಿದೆಳೆದಳು. ಮೂವರೂ ಜಗಲಿಯ ಮೇಲೆ ಕಾಲು ಮಡಚಿ ಕೂತರು. ಹುಡುಗಿ ಮಾತ್ರ ಬರಿಗಾಲಲ್ಲಿ ನೆಲದ ಮೇಲೆ ಉಳಿದಳು.

ವರದಮ್ಮನಿಗೆ ಆಗ ತಿಳಿಯಿತು. ಕೊಡದ ನೀರು ತಲೆಯ ಮೇಲೆಯೇ ಚೆಲ್ಲಿದ ಹಾಗೆ ಒಮ್ಮೆಗೇ ತಿಳಿಯಿತು. ಮಗಳು ಇಷ್ಟು ತಿಂಗಳು ದುಃಖವನ್ನು ಮಾತ್ರ ಹೊತ್ತಿರಲಿಲ್ಲ. ಹಾವನ್ನು ಕರೆದವಳು ತಾನು ಎಂದುಕೊಂಡಿದ್ದಳು. ಪಕ್ಕಕ್ಕೆ ತಿರುಗಿದರೆ ನಿಂಗಮ್ಮನ ಮುಖದಲ್ಲಿ ರಕ್ತವಿರಲಿಲ್ಲ. ಮುದುಕಿಗೂ ಹೊಳೆದಿತ್ತು.

"ಹೇಳಿಬಿಡ್ಲೇನೇ?" ನಿಂಗಮ್ಮ ಪಿಸುಗುಟ್ಟಿದಳು. "ನಾ ಸುಮ್ಕೆ ಅಂತಿದ್ದೆ ಅಂತ ಹೇಳ್ಲಾ?"

ವರದಮ್ಮ ಬೇಡವೆಂದು ತಲೆಯಾಡಿಸಿದಳು. ಓಡಿ ಹೋಗಿ ಅಪ್ಪಿಕೊಂಡು, ನಿನ್ನಿಂದ ಆಗಿದ್ದಲ್ಲ ಕಣೇ ಅನ್ನಬೇಕೆಂದು ಅವಳ ಜೀವವೂ ಬಡಿದುಕೊಳ್ಳುತ್ತಿತ್ತು. ಆದರೆ ಕಟ್ಟಿಗೆ ತನ್ನಿರೆಂದು ಕೂಗಿದ ಬಾಯಿ ಅವಳದೇ ಅಲ್ಲವೆ? ತಿಥಿಯ ದಿನ ಯಾರೋ ದೂರದ ನೆಂಟರಾಕೆ, ತಾನಾಗಿ ಹತ್ತಿರ ಬಂದು, "ನೀನೇನ್ ಮಾಡ್ತೀಯವ್ವ, ನಿನ್ ತಪ್ಪೇನಿಲ್ಲ" ಅಂದಿದ್ದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ವರದಮ್ಮ ಮಾತ್ರ ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಹಾಗಾದರೆ ಇವರೆಲ್ಲ ಅದನ್ನು ಯೋಚಿಸಿದ್ದಾರೆ, ತಮ್ಮತಮ್ಮಲ್ಲಿ ಮಾತಾಡಿಕೊಂಡಿದ್ದಾರೆ. ಕೇಳದೆ ಕೊಟ್ಟ ಸಮಾಧಾನ ಮುಳ್ಳಿನ ಹಾಗೆ ಒಳಗೇ ಮುರಿದು ಕೂತಿತ್ತು. ಮಗಳು ಬಾಯಿ ಬಿಡುವ ಮೊದಲೇ ತಾನು ಇಲ್ಲವೆಂದರೆ, ಅವ್ವನ ಮನಸ್ಸಿನಲ್ಲೂ ಇದು ಇತ್ತು ಎಂದೇ ಅವಳು ತಿಳಿಯುವಳು. ಅವಳೇ ಕೇಳಬೇಕು. ಕೇಳುವ ತನಕ ಕಾಯಬೇಕು.

ಮೊದಲ ಉಸಿರು ಬರೀ ಗಾಳಿಯಾಯಿತು. ಎರಡನೆಯದು ಒಡೆಯಿತು. ಬೆರಳುಗಳು ತೂತುಗಳನ್ನು ಮರೆತಿದ್ದವು. ಹುಲಿಗಿ ತುಟಿ ಒರೆಸಿಕೊಂಡು ಮತ್ತೆ ಇಟ್ಟಳು. ನಾಲ್ಕು ಸ್ವರ ಏರಿದವು, ಮೂರು ಇಳಿದವು. ಕೆಂಚಿಯ ಕಿವಿ ನೆಟ್ಟಗಾಯಿತು. ಬಹಳ ಹೊತ್ತು ಹಾಗೇ ನಿಂತಿತ್ತು. ಕೊನೆಗೆ ಜೋತು ಬಿತ್ತು. ಕರಿಯಣ್ಣ ಬೆಕ್ಕಿನ ಹೆಜ್ಜೆಯಲ್ಲಿ ಇಳಿದು ಮರಿಯನ್ನು ಕೆಳಗೆ ತಳ್ಳಿದ. ಮರಿ ನಾಲ್ಕು ಗುಟುಕು ಕುಡಿಯಿತು. ಆಮೇಲೆ ಕೆಂಚಿ ಒದೆಯಿತು. ಆದರೂ ನಾಲ್ಕು ಗುಟುಕು ಒಳಗೆ ಹೋಗಿತ್ತು.

ಅಂದಿನಿಂದ ದಿನವೂ ಮಧ್ಯಾಹ್ನ ಹುಲಿಗಿ ಕೋಲು ಹಿಡಿದು ರೊಪ್ಪ ತಡಕುವಳು, ಅವ್ವನನ್ನೂ ಅಜ್ಜಿಯನ್ನೂ ಜಗಲಿ ಹತ್ತಿಸುವಳು, ಊದುವಳು. ಬೇಲಿಯ ನೆರಳು ಉದ್ದವಾಗತೊಡಗಿದರೆ ಕೊಳಲನ್ನು ಸುತ್ತಿ ಸೂರಿಗೆ ಸಿಕ್ಕಿಸುವಳು. ವರದಮ್ಮ ಹೇಳಿದಂತೆ ಕೇಳುತ್ತ ಕಾಲು ಮಡಚಿ ಕೂರುತ್ತಿದ್ದಳು. ಅಕ್ಕಿ ಆರಿಸುತ್ತಲೋ ಕೌದಿ ಹೊಲಿಯುತ್ತಲೋ ಮಗಳ ಬೆನ್ನನ್ನೇ ನೋಡುತ್ತಿದ್ದಳು. ಬಾಯಿಗೆ ಬಂದ ಮಾತನ್ನು ದಿನವೂ ನುಂಗುತ್ತಿದ್ದಳು.

ಒಂದು ಮಧ್ಯಾಹ್ನ ಕೆಂಚಿ ತಾನಾಗಿ ಕರೆದು ಮರಿಗೆ ಕುಡಿಸಿತು. ಕುಡಿಸಿ, ಮರಿಯನ್ನು ಹಿಂದಿಟ್ಟುಕೊಂಡು ಬೇವಿನ ನೆರಳಿಗೆ ಹೋಗಿ ಮಲಗಿತು. ಇನ್ನು ಕೊಳಲಿನ ಅಗತ್ಯವಿರಲಿಲ್ಲ. ಆದರೂ ಹುಲಿಗಿ ನಿಲ್ಲಿಸಲಿಲ್ಲ. ಆ ಚೂರಿನಿಂದ ಹೊರಬಂದು ಬೇರೆಲ್ಲೋ ಹೋದಳು, ಅಪ್ಪ ಹೊಲದ ದಾರಿಯಲ್ಲಿ ಊದುತ್ತಿದ್ದ ಯಾವುದೋ ಪದಕ್ಕೆ. ಮಧ್ಯೆ ತಪ್ಪಿದಳು, ಹಿಂದೆ ಬಂದಳು, ತನ್ನಷ್ಟಕ್ಕೆ ತಾನೇ ತಲೆದೂಗಿದಳು. ವರದಮ್ಮನ ಕೈಯ ಸೂಜಿ ನಿಂತಿತು. ಕುರಿಗಾಗಿ ಅಲ್ಲ, ಯಾರಿಗಾಗಿಯೂ ಅಲ್ಲ, ತನಗೆ ಬೇಕೆಂದೇ ಊದುತ್ತಿದ್ದಾಳೆ ಮಗು. ಪದ ಮುಗಿದಾಗ ಹುಲಿಗಿ ನೆರಳು ನೋಡಿದಳು, ಬೆಚ್ಚಿದಳು. ಅವಳ ಮುಖ ಮುಂಚಿಗಿಂತಲೂ ಬಾಡಿತು. ಊದುವ ಆಸೆ ಮರಳಿ ಬಂದಿತ್ತು. ಆಸೆಯ ಜೊತೆಗೆ ಭಯವೂ ದೊಡ್ಡದಾಗಿತ್ತು.

ಮೂರು ಸಂಜೆ ಕಳೆದ ಮೇಲೆ ವರದಮ್ಮ ದೀಪ ಹಚ್ಚಿ ದೇವರ ಗೂಡಿನಲ್ಲಿ ಇಡುತ್ತಿದ್ದಾಗ ಹಿತ್ತಿಲಿನಿಂದ ಕೊಳಲು ಕೇಳಿಸಿತು. ದೀಪ ಅಲ್ಲೇ ಬಿಟ್ಟು ಓಡಿದಳು. ಅಲ್ಲಿ ತೊಗರಿಕಟ್ಟಿಗೆಯ ಒಟ್ಟಿಲ ಮುಂದೆ, ಅಪ್ಪ ಬಿದ್ದಿದ್ದ ಜಾಗದಲ್ಲೇ, ಹುಲಿಗಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಕೋಲು ತಂದಿರಲಿಲ್ಲ. ಕಣ್ಣು ಒಟ್ಟಿಲಿನ ಕತ್ತಲಲ್ಲಿ ನೆಟ್ಟಿತ್ತು. ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಊದುವುದು ನಿಂತಿರಲಿಲ್ಲ.

ಎತ್ತಿಕೊಂಡು ಒಳಗೆ ಓಡಬೇಕೆಂದು ವರದಮ್ಮನ ತೋಳು ಮುಂದೆ ಹೋದವು. ಹಿಂದೆ ಬಾಗಿಲಲ್ಲಿ ನಿಂಗಮ್ಮ ಗೋಡೆ ಹಿಡಿದು ನಿಂತಿದ್ದಳು. ಸಾಕು ಇಡೇ ಎಂದು ಮುದುಕಿ ಅನ್ನಲಿಲ್ಲ. ಎತ್ತಿಕೊಂಡು ಹೋದರೆ, ಹೌದು, ಹುಳ ಬರುತ್ತದೆ ಎಂದು ಹೇಳಿದ ಹಾಗೆಯೇ. ವರದಮ್ಮ ಮನೆದೇವರು ಬೀರಪ್ಪನನ್ನು ನೆನೆದು, ಸೀರೆ ತುಸು ಮೇಲೆತ್ತಿ, ಮಗಳ ಪಕ್ಕದಲ್ಲಿ ನೆಲಕ್ಕೇ ಕೂತಳು. ತನ್ನ ಬರಿಗಾಲುಗಳನ್ನು ಅವಳ ಕಾಲುಗಳಿಗಿಂತ ಒಂದು ಗೇಣು ಮುಂದೆ, ಒಟ್ಟಿಲಿನ ಕಡೆಗೆ ಚಾಚಿದಳು.

ಹುಲಿಗಿ ಒಮ್ಮೆ ಅವ್ವನ ಕಾಲು ನೋಡಿದಳು. ಸ್ವರ ನಡುಗಿತು. ಆದರೂ ಊದಿದಳು. ಪಡುವಣದ ಕೆಂಪು ಕಪ್ಪಾಯಿತು. ಒಟ್ಟಿಲಿನ ಕಡ್ಡಿಗಳು ಒಂದಕ್ಕೊಂದು ಬೆರೆತು ಹೋದವು. ಒಳಗೆ ಏನೋ ಸರಬರ ಅಂದಾಗ ತಾಯಿ ಮಗಳಿಬ್ಬರ ಉಸಿರೂ ನಿಂತಿತು. ಒಂದು ಓತಿಕ್ಯಾತ ಹೊರಬಂದು ತಲೆ ಕುಣಿಸಿ ಓಡಿತು. ಹುಡುಗಿ ಮತ್ತೆ ಊದಿದಳು. ಉಸಿರು ಪೂರ್ತಿ ಸೋಲುವ ತನಕ ಊದಿದಳು. ಏನೂ ಬರಲಿಲ್ಲ.

ಕೊಳಲು ತುಟಿಯಿಂದ ಜಾರಿ ಮಡಿಲಿಗೆ ಬಿತ್ತು. ವರದಮ್ಮ ಮಗಳ ಬೆನ್ನ ಮೇಲೆ ಕೈಯಿಟ್ಟಳು. ಒಳಗೆ ಎದೆ ಹೊಡೆದುಕೊಳ್ಳುವುದು ಅಂಗೈಗೆ ತಾಗುತ್ತಿತ್ತು. ಕೈ ತೆಗೆಯದೆ ಕಾದಳು.

"ಅವ್ವಾ."

"ಹೇಳು ಮಗಾ."

"ಅಜ್ಜಿ ಸಾಕು ಅಂದಿದ್ಲು. ನಾ ಇನ್ನೊಂದ್ ಸರ್ತಿ ಊದಿದೆ." ಹುಲಿಗಿ ಕತ್ತಲಲ್ಲಿ ಅವ್ವನ ಮುಖವನ್ನು ಹುಡುಕಿದಳು. "ಅವತ್ತು ಅಪ್ಪಯ್ಯನ್ನ ಕಚ್ಚಿದ್ದು ನಾನು ಕರೆದಿದ್ದಕ್ಕೇನವ್ವಾ?"