ಐದು ಊರುಗಳ ಪಟ್ಟಿ

ಕಡಲ ತೀರದ ದೊನೊಸ್ತಿಯಾ ನಗರದ ಹಳೇ ಪೇಟೆಯ ಬಾರೊಂದರ ಅಡುಗೆಮನೆಯಲ್ಲಿ ಮೂವತ್ತನಾಲ್ಕು ವರ್ಷ ಬೇಯಿಸಿದ ಮೈಶಾಬೆಲ್ ಸೆಪ್ಟೆಂಬರ್ ಕೊನೆಗೆ ಏಪ್ರನ್ ಬಿಚ್ಚಿಟ್ಟಳು. ಕೆಲಸ ಬಿಟ್ಟ ಮೇಲೆ ನಾದಿನಿ ನೆಕಾನೆಯ ಜೊತೆ ನಾಲ್ಕು ದಿನ ಸುತ್ತಿ ಬರುವುದೆಂದು ಇಬ್ಬರೂ ಎಷ್ಟೋ ವರ್ಷಗಳಿಂದ ಹೇಳಿಕೊಂಡು ಬಂದಿದ್ದರು. ಆತುರವಿಲ್ಲದೆ ಊರಿಂದೂರಿಗೆ ಹೋಗುವುದು, ಒಳ್ಳೆಯ ಊಟ, ಒಳ್ಳೆಯ ವೈನು, ಅಷ್ಟೇ. ಮೈಶಾಬೆಲ್‌ಳ ಗಂಡನ ಹೆಸರು ಅಂದೋನಿ. ಅವನಿಗೆ ಹಾಸಿಗೆ ಬದಲಾದರೆ ನಿದ್ದೆ ಬರುವುದಿಲ್ಲ. ಗೆಳೆಯರೆಲ್ಲ ಸೇರಿ ಬೇಯಿಸಿ ಉಣ್ಣುವ ಸಂಘದಲ್ಲಿ ಅಡುಗೆ ಮಾಡಿಕೊಂಡು ಸುಖವಾಗಿರುತ್ತೇನೆ, ನನ್ನನ್ನು ಎಳೆಯಬೇಡಿ ಎಂದು ಅವನು ಮೊದಲೇ ಕೈಮುಗಿದಿದ್ದ.

ಸೋಮವಾರ ನೆಕಾನೆ ಬರುವ ಹೊತ್ತಿಗೆ ಊಟದ ಮೇಜಿನ ಮೇಲೆ ಪಟ್ಟಿ ಸಿದ್ಧವಾಗಿತ್ತು. ಅವಳು ಕನ್ನಡಕ ಏರಿಸಿಕೊಂಡು ಓದಿದಳು.

"ಇದೇನು ಅತ್ತಿಗೆ? ಒಂಬತ್ತು ನಲವತ್ತಕ್ಕೆ ಬಸ್ಸು, ಹತ್ತೂವರೆಗೆ ಗೆತಾರಿಯಾದಲ್ಲಿ ಆಂಚೊವಿ ಮೀನು, ಹನ್ನೊಂದೂಕಾಲಿಗೆ ಚಾಕೊಲಿ ವೈನು, ಒಂದಕ್ಕೆ ಕೆಂಡದ ಮೀನು... ಉಸಿರಾಡೋದು ಎಷ್ಟೊತ್ತಿಗೆ?"

"ಹೊತ್ತು ನೋಡ್ಕೊಳ್ದೆ ಹೋದ್ರೆ ಅಡುಗೆಮನೆ ಮುಚ್ಚಿರುತ್ತೆ ಕಣೇ."

"ಮುಚ್ಚಿರ್ಲಿ. ಇಪ್ಪತ್ತೇಳು ವರ್ಷ ಆ ಕರಾವಳಿ ರಸ್ತೇಲಿ ಬಸ್ಸು ಓಡಿಸ್ದೆ. ಆ ಊರುಗಳ ಬಸ್ ಸ್ಟಾಪು, ಶೌಚಾಲಯ ಬಿಟ್ರೆ ಇನ್ನೇನೂ ನೋಡಿಲ್ಲ ನಾನು. ಇನ್ನೂ ಗಡಿಯಾರ ನೋಡ್ಕೊಂಡು ತಿನ್ನು ಅಂತೀಯಾ?" ನೆಕಾನೆಯ ಬೆರಳು ಕೆಳಗಿನ ಸಾಲಿಗೆ ಇಳಿಯಿತು. "ಲೆಕೆಯ್ತಿಯೊದಲ್ಲಿ ಏಡಿ. ನಿಂಗೆ ಏಡಿ ಇಷ್ಟಾನಾ?"

"ಅಲ್ಲಿ ಏಡಿ ಚೆನ್ನಾಗಿ ಸಿಗುತ್ತಂತೆ."

"ನಾನು ಅದನ್ನ ಕೇಳ್ಲಿಲ್ಲ."

ಏಡಿಯನ್ನು ಎಷ್ಟು ಹೊತ್ತು ಕುದಿಸಬೇಕು, ಎಲ್ಲಿ ತಟ್ಟಿದರೆ ಚಿಪ್ಪು ಬಿಡುತ್ತದೆ ಎಂಬುದೆಲ್ಲ ಮೈಶಾಬೆಲ್‌ಳ ಕೈಗೆ ಗೊತ್ತಿತ್ತು. ಆದರೆ ಅವಳ ಊಟ ನಡೆಯುತ್ತಿದ್ದದ್ದು ನಾಲ್ಕು ಗಂಟೆಗೆ, ತೊಳೆಯುವ ತೊಟ್ಟಿಯ ಪಕ್ಕ ನಿಂತುಕೊಂಡೇ. ಆಮ್ಲೆಟ್ಟಿನ ಅಂಚು, ಪಾತ್ರೆಯ ತಳದ ಕೊನೆಯ ಸೌಟು, ಕರಿಯುವಾಗ ಒಡೆದುಹೋಗಿ ಗಿರಾಕಿಗೆ ಕೊಡಲಾಗದ ಕ್ರೊಕೆಟ್ಟು. ಇಂಥದ್ದು ಬೇಕು ಎಂದು ತಾನು ಯಾರನ್ನಾದರೂ ಕೇಳಿದ್ದು ಯಾವಾಗ ಎಂಬುದೇ ಅವಳಿಗೆ ನೆನಪಾಗಲಿಲ್ಲ.

"ಬುಧವಾರ ಗೆತಾರಿಯಾಕ್ಕೆ ಹೋಗ್ಬರಣ," ಎಂದಳು ನೆಕಾನೆ. "ಕೂತ್ಕೊಂಡು ತಿನ್ನೋದು ನಿಂಗೆ ಬರುತ್ತೋ ಇಲ್ವೋ ನೋಡ್ಬೇಕು."

ಗೆತಾರಿಯಾದಲ್ಲಿ ಬಂದರಿನ ಮೇಲಿನ ಬೀದಿಯಲ್ಲಿ ಮೀನು ಸುಡುವ ಹೊಗೆ ಏಳುತ್ತಿತ್ತು. ಮೈಶಾಬೆಲ್ ಅಡುಗೆಮನೆ ಕಾಣುವ ಹಾಗೆ ಕೂತಳು. ನೆಕಾನೆ ಎದ್ದು ಬಂದು ಅವಳ ಕುರ್ಚಿಯನ್ನು ಸಮುದ್ರದ ಕಡೆಗೆ ತಿರುಗಿಸಿದಳು. ಹತ್ತು ನಿಮಿಷ ಸರಿಯಾಗಿತ್ತು. ಪಕ್ಕದ ಮೇಜಿನವರು ಎದ್ದು ಹೋದರು, ಎಂಜಲು ತಟ್ಟೆಗಳು ಹಾಗೇ ಉಳಿದವು. ನೆಕಾನೆ ತಿರುಗಿ ನೋಡುವಷ್ಟರಲ್ಲಿ ಮೈಶಾಬೆಲ್ ನಾಲ್ಕು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಎತ್ತಿಯಾಗಿತ್ತು.

"ಅಯ್ಯೋ ಬಿಡಿ ಅಮ್ಮಾ, ಅದು ನನ್ನ ಕೆಲಸ," ಎಂದು ಬಡಿಸುವವಳು ಓಡಿಬಂದಳು.

"ಬೇಜಾರ್ ಮಾಡ್ಕೋಬೇಡಮ್ಮಾ," ಎಂದಳು ನೆಕಾನೆ. "ಇವಳನ್ನ ಹೋದ ವಾರ ತಾನೇ ಬಿಡುಗಡೆ ಮಾಡಿದಾರೆ."

ಬಡಿಸುವವಳು ನಗುತ್ತಾ ಬಾಟಲಿಯನ್ನು ತಲೆಗಿಂತ ಮೇಲೆತ್ತಿ ಆ ಊರಿನ ಹೆಮ್ಮೆಯ ಬಿಳಿ ವೈನು ಚಾಕೊಲಿಯನ್ನು ಲೋಟಕ್ಕೆ ಸುರಿದಳು. ಗದ್ದಲದ ಹೊತ್ತಿನಲ್ಲಿ ಅಡುಗೆಮನೆಯಿಂದ ಕೌಂಟರಿಗೆ ಬಂದು ಹಾಗೆ ಸಾವಿರಾರು ಲೋಟ ಸುರಿದ ಕೈ ಮೈಶಾಬೆಲ್‌ಳದು. ಒಂದು ಗುಟುಕು ಕುಡಿದು ಲೋಟ ಇಟ್ಟಳು. ಇನ್ನೊಂದು ಗುಟುಕು ಕುಡಿದಳು.

"ಹುಳಿ ಕಣೇ."

"ಚಾಕೊಲಿ ಅಂದ್ಮೇಲೆ ಹುಳಿ ಇರಲ್ವಾ?"

"ಅದಲ್ಲ. ನಂಗೆ ಇದು ಇಷ್ಟ ಇಲ್ಲ." ಅವಳ ದನಿ ತಗ್ಗಿತು. "ಯಾವತ್ತೂ ಇಷ್ಟ ಇರ್ಲಿಲ್ಲ ಅನ್ಸುತ್ತೆ."

ನೆಕಾನೆಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಮೆಲ್ಲಗೆ ಹೇಳೇ ಮಾರಾಯ್ತಿ, ಈ ಊರೋರು ಕೇಳಿಸ್ಕೊಂಡ್ರೆ ಇಬ್ರನ್ನೂ ಸಮುದ್ರಕ್ಕೆ ಎಸೀತಾರೆ."

ವಾಪಸು ಬರುವಾಗ ಬಸ್ಸಿನಲ್ಲಿ ಮೈಶಾಬೆಲ್ ಕಿಟಕಿಗೆ ಮುಖ ಹಾಕಿ ಕೂತಿದ್ದಳು. ಸಮುದ್ರ ಬೂದಿ ಬಣ್ಣಕ್ಕೆ ತಿರುಗಿತ್ತು. ಕಿಟಕಿಯಿಂದ ತಿರುಗಿ ಹೇಳಿದಳು: "ಅರವತ್ತೈದು ವರ್ಷಕ್ಕೆ ಒಂದು ವಿಷಯ ಗೊತ್ತಾಯ್ತು. ಇನ್ನೇನೇನು ಗೊತ್ತಿಲ್ವೋ ನಂಗೆ."

ನೆಕಾನೆ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದಳು: ಇವಳನ್ನು ನಮ್ಮ ಮನೆಗೆ ಸೊಸೆಯಾಗಿ ತಂದ ಮೇಲೆ ಒಂದು ಹಬ್ಬಕ್ಕಾದರೂ ನಿನಗೇನು ಬೇಕು ಎಂದು ಕೇಳಿದವರು ನಮ್ಮಲ್ಲಿ ಯಾರು? ಯಾರೂ ಸಿಗಲಿಲ್ಲ. ತಾನೂ ಕೇಳಿರಲಿಲ್ಲ.

ಪಟ್ಟಿ ಮೂರು ದಿನ ಹಾಗೇ ಬಿದ್ದಿತ್ತು. ನಾಲ್ಕನೆಯ ದಿನ ಮೈಶಾಬೆಲ್ ರಬ್ಬರು ಹಿಡಿದು ಕೂತಳು. ಗೆತಾರಿಯಾ ಹೋಯಿತು. ಎಲ್ಲರೂ ಹೋಗಲೇಬೇಕು ಎನ್ನುತ್ತಾರೆಂದು ಬರೆದಿದ್ದ ಇನ್ನೆರಡು ಊರುಗಳೂ ಹೋದವು. ಹೆಸರು ಕೇಳಲು ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಲೆಕೆಯ್ತಿಯೊ ಉಳಿಯಿತು. ಲಾಗ್ವಾರ್ದಿಯಾ ಉಳಿಯಿತು, ಏಕೆಂದರೆ ಮಾಂಸಕ್ಕೆ ಅಲ್ಲಿಯ ಕೆಂಪು ವೈನು ಸುರಿಯುವಾಗ ಏಳುತ್ತಿದ್ದ ವಾಸನೆಗೆ ತಾನು ಪಾತ್ರೆಯ ಮೇಲೆ ಬಗ್ಗುತ್ತಿದ್ದದ್ದು ಅವಳಿಗೆ ನೆನಪಾಯಿತು. ಗಂಟೆ ನಿಮಿಷ ಏನೂ ಬರೆಯಲಿಲ್ಲ.

ಅಕ್ಟೋಬರ್ ಎರಡನೇ ವಾರ ಲೆಕೆಯ್ತಿಯೊದಲ್ಲಿ ಇಳಿದರು. ನೀರು ಇಳಿದಾಗ ಅಲ್ಲಿಯ ಪುಟ್ಟ ದ್ವೀಪಕ್ಕೆ ನಡೆದೇ ಹೋಗಬಹುದು. ಹೋದರು, ಕಟ್ಟೆಯ ಮೇಲೆ ಕೂತು ಮಾತಾಡಿದರು, ನೀರು ಏರುತ್ತಿದ್ದದ್ದನ್ನು ತಡವಾಗಿ ಕಂಡರು. ಮೊಣಕಾಲುದ್ದ ಒದ್ದೆಯಾಗಿ ದಡ ಸೇರಿದಾಗ ನಾಲ್ಕು ದಾಟಿತ್ತು. ಮೂರು ಹೋಟೆಲು ಸುತ್ತಿದರು, ಎಲ್ಲ ಕಡೆ ಒಲೆ ಆರಿಸಿದ್ದರು.

"ನಾನು ಹೇಳ್ಲಿಲ್ವಾ?" ಎಂದಳು ಮೈಶಾಬೆಲ್.

"ಹೇಳಿದ್ದೆ. ಹಸಿದೋರ ಮುಂದೆ ಮತ್ತೆ ಹೇಳ್ಬೇಡ."

ಕೊನೆಗೆ ಹಡಗುಕಟ್ಟೆಯ ಹಿಂದಿನ ಒಂದು ಸಣ್ಣ ಬಾರಿನಲ್ಲಿ ಆಲೂಗಡ್ಡೆ ಆಮ್ಲೆಟ್ಟು ಸ್ವಲ್ಪ ಉಳಿದಿತ್ತು. "ಬೆಳಗಿನದು, ತಣ್ಣಗಾಗಿದೆ," ಎಂದು ಯಜಮಾನಿ ಸಂಕೋಚದಿಂದಲೇ ತಟ್ಟೆ ತಂದಿಟ್ಟಳು. ಬೆಂದದ್ದು ಒಂದು ಹದ ಹೆಚ್ಚಾಗಿದೆ, ಈರುಳ್ಳಿ ಜಾಸ್ತಿಯಾಗಿದೆ ಎಂದು ಮೈಶಾಬೆಲ್‌ಗೆ ನೋಡಿದ ಕೂಡಲೇ ತಿಳಿಯಿತು. ತನ್ನ ಅಡುಗೆಮನೆಯಿಂದ ಇಂಥದ್ದನ್ನು ಅವಳು ಹೊರಗೆ ಬಿಡುತ್ತಿರಲಿಲ್ಲ. ತಿಂದಳು. ಹೆಚ್ಚಾದ ಈರುಳ್ಳಿಯ ಸಿಹಿ ನಾಲಿಗೆಗೆ ಹತ್ತಿತು. ಬ್ರೆಡ್ಡಿನಿಂದ ತಟ್ಟೆ ಒರೆಸಿ, ಕೈ ಎತ್ತಿ ಯಜಮಾನಿಯನ್ನು ಕರೆದಳು.

"ನಂಗೆ ಇನ್ನೊಂದು ತುಂಡು ಬೇಕು."

"ಬಿಸಿ ಮಾಡ್ಕೊಡ್ಲಾ?"

"ಬೇಡ, ಹೀಗೇ ಚೆನ್ನಾಗಿದೆ."

ಲಾಗ್ವಾರ್ದಿಯಾಕ್ಕೆ ಅವರು ತಲುಪಿದ್ದು ಅಂದುಕೊಂಡದ್ದಕ್ಕಿಂತ ಎರಡು ದಿನ ತಡವಾಗಿ. ಆ ಎರಡೂ ದಿನ ಬೆಳಿಗ್ಗೆ ಅವರು ಲೆಕೆಯ್ತಿಯೊದ ಅದೇ ಬಾರಿಗೆ ಹೋಗಿ ಕೂತರು. ಆಮ್ಲೆಟ್ಟು ಬಿಸಿಯಾಗಿರುತ್ತಿತ್ತು, ಹೊರಗೆ ದೋಣಿಗಳು ಬರುತ್ತಿದ್ದವು. ಎರಡನೆಯ ದಿನ ನೆಕಾನೆಯೇ ಎದ್ದು ಖಾಲಿ ಲೋಟಗಳನ್ನು ಕೌಂಟರಿಗೆ ಒಯ್ದಳು. ಮೈಶಾಬೆಲ್ ಏಳಲಿಲ್ಲ.